ರೇಡಿಯೇಟರಿನಲ್ಲಿ ಅರಿಶಿನ

ನಿನ್ನೆ ಸಂಜೆ ಕರಿಬೇವಿಗೆ ಅಂತ ಕಾಂಪೌಂಡಿನ ಹತ್ತಿರ ಬಂದವರು ಮಾತಿನ ಮಧ್ಯೆ ಒಂದು ವಿಷಯ ಹೇಳಿ ಹೋದಿರಿ. ಮಗನಿಗೆ ಸೆಕೆಂಡ್ ಹ್ಯಾಂಡ್ ಕಾರು ನೋಡಿದ್ದೀರಂತೆ, ಬೆಂಗಳೂರಿನ ಡೀಲರ್ ಹತ್ತಿರ, ಶನಿವಾರ ಹೋಗಿ ಅಡ್ವಾನ್ಸ್ ಕೊಟ್ಟು ಬರೋದಂತೆ. ಅಷ್ಟರಲ್ಲಿ ಕುಕ್ಕರ್ ಕೂಗಿತು, ನೀವು ಒಳಗೆ ಹೋದಿರಿ. ನನಗೆ ರಾತ್ರಿ ಮಲಗಿದರೂ ಅದೇ ಯೋಚನೆ. ಇವತ್ತು ಬೆಳಿಗ್ಗೆ ನೀವು ರಂಗೋಲಿ ಹಾಕುವಾಗಲೇ ಕೂಗಬೇಕು ಅಂದುಕೊಂಡೆ, ಸ್ಕೂಲಿಗೆ ಹೊತ್ತಾಯಿತು. ಈಗ ಐದು ನಿಮಿಷ ನಿಂತು ಕೇಳಿ.

ನಮ್ಮ ಕಾರು ಆಗುಂಬೆ ಘಾಟಿಯಲ್ಲಿ ಕೆಟ್ಟು ನಿಂತಿತು ಅನ್ನೋದು ಬೀದಿಗೆಲ್ಲ ಗೊತ್ತು. ಆಮೇಲೆ ಏನಾಯಿತು ಅಂತ ಯಾರಿಗೂ ಪೂರ್ತಿ ಹೇಳಿಲ್ಲ.

ಕೊಂಡಿದ್ದು ಹೋದ ವರ್ಷ ದಸರೆ ಮುಗಿದ ವಾರ, ನಾವೂ ಬೆಂಗಳೂರಿನ ಒಬ್ಬ ಡೀಲರ್ ಹತ್ತಿರವೇ. 4,35,000 ರೂಪಾಯಿ. ಮೀಟರಿನಲ್ಲಿ 46,000 ಕಿಲೋಮೀಟರ್. ನಾವು ಅಂಗಡಿಗೆ ಹೋಗುವ ಹೊತ್ತಿಗೆ ಎಂಜಿನ್ ಆಗಲೇ ಸ್ಟಾರ್ಟ್ ಮಾಡಿಟ್ಟಿದ್ದರು. ಬಾನೆಟ್ ಎತ್ತಿದರೆ ಒಳಗೆ ಒಂದು ಚೂರು ಧೂಳಿಲ್ಲ, ಹೊಸ ಪಾತ್ರೆಯ ಹಾಗೆ ಫಳಫಳ. ಅಲ್ಲಿದ್ದ ಹುಡುಗ, 'ಲೇಡಿ ಡಾಕ್ಟರ್ ಓಡಿಸ್ತಿದ್ದ ಗಾಡಿ ಮೇಡಂ, ಮನೆಗೂ ಆಸ್ಪತ್ರೆಗೂ ಬಿಟ್ಟರೆ ಎಲ್ಲೂ ಹೋಗಿಲ್ಲ' ಅಂದ. ಸಪಾಟು ರಸ್ತೆಯಲ್ಲಿ ಎರಡು ಕಿಲೋಮೀಟರ್ ಓಡಿಸಿದೆ, ಚೆನ್ನಾಗಿಯೇ ಓಡಿತು. ಬಿಸಿ ಎಂಜಿನ್, ತೊಳೆದ ಬಾನೆಟ್, ಸಪಾಟು ರಸ್ತೆ, ಈ ಮೂರೂ ಏನೇನು ಮುಚ್ಚಿಡುತ್ತವೆ ಅಂತ ಆಗ ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಆಗೋದಕ್ಕೆ ಒದ್ದಾಡುವ ಎಂಜಿನ್ ಬಿಸಿಯಾದ ಮೇಲೆ ಸುಮ್ಮನಾಗುತ್ತದೆ. ನೀರು ಹೊಡೆದು ತೊಳೆದರೆ ಎಲ್ಲಿಂದ ಆಯಿಲ್ ಜಿನುಗುತ್ತಿತ್ತು ಅನ್ನುವ ಗುರುತೇ ಉಳಿಯುವುದಿಲ್ಲ. ಏರು ಹತ್ತಿಸದೆ ಎಂಜಿನ್ನಿನ ತಾಕತ್ತು ತಿಳಿಯುವುದಿಲ್ಲ.

ಹದಿನೇಳನೇ ದಿನ ಅಮ್ಮನನ್ನು ತಪಾಸಣೆಗೆ ಮಣಿಪಾಲಕ್ಕೆ ಕರೆದುಕೊಂಡು ಹೋಗಿದ್ದೆ. ಹೋಗುವಾಗ ಘಾಟಿ ಇಳಿತ, ಏನೂ ಆಗಲಿಲ್ಲ. ಬರುವಾಗ ಹೆಬ್ರಿ, ಸೋಮೇಶ್ವರ ದಾಟಿ ಹತ್ತೋದಕ್ಕೆ ಶುರು ಮಾಡಿದೆವು. ಅಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳಿವೆಯಲ್ಲ, ಅರ್ಧ ಹತ್ತಿರಬಹುದು, ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತು, ಬಾನೆಟ್ಟಿನ ಸಂದಿಯಿಂದ ಆವಿ. ಬದಿಗೆ ನಿಲ್ಲಿಸಿ ನೀರಿನ ಬಾಟಲಿ ಹಿಡಿದು ಇಳಿದೆ. ಹಿಂದೆ ಬಂದ ಮಿನಿ ಬಸ್ಸಿನ ಡ್ರೈವರ್ ನಿಲ್ಲಿಸಿ, 'ಅಕ್ಕ, ಮುಚ್ಚಳ ಮುಟ್ಟಬೇಡಿ, ಮುಖ ಸುಟ್ಟು ಹೋಗುತ್ತೆ' ಅಂತ ಕೂಗಿದ. ಆ ಪುಣ್ಯಾತ್ಮ ಕೂಗದೇ ಇದ್ದಿದ್ದರೆ ನಾನು ಖಂಡಿತ ತೆಗೆಯುತ್ತಿದ್ದೆ. ಎಪ್ಪತ್ತೆಂಟು ವರ್ಷದ ಅಮ್ಮ ಶಾಲು ಹೊದ್ದುಕೊಂಡು ಮೂರು ಗಂಟೆ ತಡೆಗೋಡೆಯ ಮೇಲೆ ಕೂತಿದ್ದರು. ಸುತ್ತ ಮಂಜು ಕವಿಯುತ್ತಿತ್ತು. ಆ ಮೂರು ಗಂಟೆಯನ್ನು ನಾನು ಆ ಅಂಗಡಿಯವರಿಗೆ ಇವತ್ತಿಗೂ ಕ್ಷಮಿಸಿಲ್ಲ.

ಗಾಡಿ ಎಳೆಸಿಕೊಂಡು ಬಂದು ಸಾಗರ ರಸ್ತೆ ಕಡೆಯ ಗ್ಯಾರೇಜಿನಲ್ಲಿ ಬಿಟ್ಟೆ. ಮಾರನೇ ದಿನ ಮೆಕ್ಯಾನಿಕ್ ನನ್ನನ್ನು ಕರೆದು ಪಕ್ಕದಲ್ಲೇ ನಿಲ್ಲಿಸಿಕೊಂಡು ತೋರಿಸಿದ. ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದರೆ ಅದರ ಒಳಮೈಗೆ ಹಾಲು ಹೆಚ್ಚಾದ ಕಾಫಿ ಬಣ್ಣದ ಜಿಡ್ಡು. ಆಯಿಲ್ಲಿಗೆ ನೀರು ಸೇರಿದೆ ಅಂತ ಅರ್ಥವಂತೆ. ರೇಡಿಯೇಟರ್ ಬಾಯಿ ತೆಗೆದು ಎಂಜಿನ್ ತಿರುಗಿಸಿದ, ನೀರಿನಲ್ಲಿ ಗುಳುಗುಳು ಗುಳ್ಳೆ. ಎಂಜಿನ್ನಿನ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ತೆಳುವಾದ ಗ್ಯಾಸ್ಕೆಟ್ ಇರುತ್ತದೆ. ಆಯಿಲ್, ನೀರು, ಬೆಂಕಿ, ಮೂರನ್ನೂ ಬೇರೆ ಬೇರೆ ಇಡುವ ಕೆಲಸ ಅದರದು. ಅದು ಸುಟ್ಟು ಹೋಗಿತ್ತು. ಆಮೇಲೆ ರೇಡಿಯೇಟರಿನ ಬಾಯಿಯ ಅಂಚಿಗೆ ಬೆರಳು ಹಾಕಿ ತೆಗೆದು ನನ್ನ ಮುಂದೆ ಹಿಡಿದ. ಹಳದಿ. ಮೂಸಿ ನೋಡಿದೆ, ನಮ್ಮ ಅಡುಗೆಮನೆಯ ಅರಿಶಿನ.

ಸಣ್ಣ ಸೋರಿಕೆ ನಿಲ್ಲಿಸೋದಕ್ಕೆ ಲಾರಿ ಡ್ರೈವರುಗಳು ರೇಡಿಯೇಟರಿಗೆ ಅರಿಶಿನದ ಪುಡಿ ಹಾಕುವುದು ಹಳೆಯ ರೂಢಿ. ದಾರಿಯಲ್ಲಿ ಸಿಕ್ಕಿಬಿದ್ದವನು ಊರು ಸೇರೋದಕ್ಕೆ ಹಾಕಿಕೊಂಡರೆ ಅದು ಬದುಕುವ ಉಪಾಯ. ಮಾರುವ ಗಾಡಿಗೆ ಹಾಕಿದರೆ ಮೋಸ. ಇಷ್ಟು ಸ್ಪಷ್ಟವಾಗಿ ನನಗೆ ಇನ್ಯಾವುದೂ ಕಂಡಿದ್ದಿಲ್ಲ. ಕೂಲೆಂಟ್ ಇರಬೇಕಾದ ಕಡೆ ನಲ್ಲಿ ನೀರು, ಅದಕ್ಕೆ ಅರಿಶಿನ. ದೋಷ ಗೊತ್ತಿಲ್ಲದವರು ಔಷಧ ಹಾಕುವುದಿಲ್ಲ.

ರಿಪೇರಿ ಶುರು ಮಾಡಿ ಅಂದೆ. ಆ ಮೆಕ್ಯಾನಿಕ್, 'ಈಗಲೇ ಬಿಚ್ಚೋದು ಬೇಡ ಅಕ್ಕ. ಬಿಚ್ಚಿದರೆ ನಿಮ್ಮ ಸಾಕ್ಷಿ ಹೋಯಿತು' ಅಂದ. ನಾನು ಕೊಟ್ಟ ದುಡ್ಡಿಗಿಂತ ಅವನ ಆ ಒಂದು ಮಾತು ದೊಡ್ಡದು. ಗುಳ್ಳೆ ಏಳುವುದನ್ನು, ಮುಚ್ಚಳದ ಜಿಡ್ಡನ್ನು, ಅರಿಶಿನವನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಸಿದ. ಕಂಪನಿಯ ಸರ್ವಿಸ್ ಸೆಂಟರಿಗೆ ಗಾಡಿ ಸಾಗಿಸಿ ಅಲ್ಲಿಯೂ ನೋಡಿಸಿ ಜಾಬ್ ಕಾರ್ಡಿನಲ್ಲಿ ಬರೆಸಿಕೊಂಡು ಬರಲು ಹೇಳಿದ. ಅಷ್ಟರಲ್ಲಿ ಆರ್‌ಸಿ ನನ್ನ ಹೆಸರಿಗೆ ಆಗಿತ್ತು, ಅಲ್ಲಿ ಗಾಡಿಯ ಹಳೆಯ ಸರ್ವಿಸ್ ವಿವರವೂ ಸಿಕ್ಕಿತು. ಎರಡು ವರ್ಷದ ಹಿಂದೆಯೇ ಅವರ ಪುಸ್ತಕದಲ್ಲಿ 71,000 ಕಿಲೋಮೀಟರ್ ಅಂತ ಬರೆದಿತ್ತು. ನಮಗೆ ತೋರಿಸಿದ ಮೀಟರಿನಲ್ಲಿ 46,000.

ಡೀಲರಿಗೆ ಫೋನ್ ಮಾಡಿದಾಗ ಮೂರು ಉತ್ತರ ಬಂತು. ನಿಮ್ಮ ಮಗನಿಗೂ ಇವೇ ಬರಬಹುದು, ಕೇಳಿಟ್ಟುಕೊಳ್ಳಿ. ನೀವೇ ಹೀಟ್ ಮಾಡಿ ಕೆಡಿಸಿದ್ದೀರಿ ಅನ್ನುವುದು ಒಂದು. ಅದಕ್ಕೆ ಅರಿಶಿನವೇ ಉತ್ತರ. 'ಇದ್ದ ಹಾಗೆ' ಅಂತ ಬರೆದ ಕಾಗದಕ್ಕೆ ಸಹಿ ಹಾಕಿದ್ದೀರಿ ಅನ್ನುವುದು ಇನ್ನೊಂದು. ಇದಕ್ಕೆ ನಾನು ಸ್ವಲ್ಪ ಹೆದರಿದ್ದು ನಿಜ. ಆಮೇಲೆ ಓದಿ ನೋಡಿದೆ. ಅದೇ ವ್ಯಾಪಾರ ಮಾಡುವವರಿಂದ ಅವರ ತಿಳಿವಳಿಕೆ ನಂಬಿ, ಇಂಥ ಕೆಲಸಕ್ಕೆ ಬೇಕು ಅಂತ ಹೇಳಿ ಕೊಂಡಾಗ ಮಾಲು ಆ ಕೆಲಸಕ್ಕೆ ಒದಗುವಂತಿರಬೇಕು ಅಂತ 1930ರ ಸರಕು ಮಾರಾಟ ಕಾಯ್ದೆಯಲ್ಲೇ ಇದೆ. ಟೈರು ಸವೆದಿದ್ದು, ಬಾಗಿಲು ತರಚಿದ್ದು ಕಣ್ಣಿಗೆ ಕಾಣುತ್ತದೆ, ನೋಡದೇ ಕೊಂಡರೆ ತಪ್ಪು ನಮ್ಮದು. 'ಇದ್ದ ಹಾಗೆ' ಅನ್ನುವ ಮಾತು ಅಂಥದ್ದಕ್ಕೆ ಸಲ್ಲುತ್ತದೆ. ಗೊತ್ತಿದ್ದೂ ಮುಚ್ಚಿಟ್ಟಿದ್ದಕ್ಕೆ, ಸುಳ್ಳು ಮೀಟರಿಗೆ ಅದು ಗುರಾಣಿಯಾಗುವುದಿಲ್ಲ.

ಮೂರನೆಯ ಉತ್ತರ ಕೇಳಿ ನನಗೆ ಮೈ ಉರಿದುಹೋಯಿತು. 'ನಾವು ಬರೀ ಮಧ್ಯವರ್ತಿಗಳು ಮೇಡಂ, ಹಳೇ ಓನರ್ ಹತ್ತಿರ ಮಾತಾಡಿಕೊಳ್ಳಿ' ಅಂದರು. ಅಂಗಡಿ ಅವರದು, ಬೋರ್ಡು ಅವರದು, ಬೆಲೆ ಹೇಳಿದವರು ಅವರು, ದುಡ್ಡು ಹೋಗಿದ್ದು ಅವರ ಖಾತೆಗೆ. ಗಾಡಿ ಕೆಟ್ಟ ಕೂಡಲೇ ಅವರು ಯಾರೂ ಅಲ್ಲ! ಹಳೆಯ ಮಾಲೀಕರ ಮುಖ ನಾನು ನೋಡಿಯೇ ಇಲ್ಲ.

ಈ ಆಟ ಬಹಳ ವರ್ಷ ನಡೆದಿದೆ. ಗಾಡಿ ಡೀಲರ್ ಅಂಗಳದಲ್ಲಿ ಇರುತ್ತಿತ್ತು, ಆರ್‌ಸಿ ಮಾರಿದವರ ಹೆಸರಿನಲ್ಲೇ ಇರುತ್ತಿತ್ತು. ನಡುವೆ ಯಾರೋ ಓಡಿಸಿ ಅಪಘಾತವಾದರೆ ಪಾಪ ಆ ಹಳೆಯ ಮಾಲೀಕರಿಗೆ ನೋಟಿಸ್. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಆಮೇಲೆ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದಿತು, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಳೆಯ ಗಾಡಿ ಮಾರುವ ಡೀಲರ್ ಆರ್‌ಟಿಓ ಕಡೆಯಿಂದ ಅಧಿಕಾರ ಪತ್ರ ಪಡೆಯಬೇಕು. ಅದು ಫಾರಂ 29ಬಿ, ಐದು ವರ್ಷ ನಡೆಯುತ್ತದೆ. ಯಾರಾದರೂ ಅವರಿಗೆ ಗಾಡಿ ಒಪ್ಪಿಸಿದಾಗ ಫಾರಂ 29ಸಿ ತುಂಬಿ ಆನ್‌ಲೈನ್‌ನಲ್ಲಿ ತಿಳಿಸಬೇಕು. ಅಲ್ಲಿಂದ ಮುಂದೆ ಗಾಡಿ ಮಾರಿಹೋಗುವ ತನಕ ಆ ಡೀಲರೇ ಮಾಲೀಕ ಅಂತ ಲೆಕ್ಕ. ಮಧ್ಯವರ್ತಿ ಅಂತ ಹೇಳಿ ಜಾರಿಕೊಳ್ಳುವ ಬಾಗಿಲು ಮುಚ್ಚಿದ್ದು ಈ ನಿಯಮ. ಆದರೆ ಕೇಳುವವರು ಬೇಕಲ್ಲ. ನಾನು ಕೇಳಿರಲಿಲ್ಲ. ನೀವು ಶನಿವಾರ ಹೋದ ಕೂಡಲೇ ಕಾರಿನ ಬಣ್ಣ ನೋಡುವ ಮೊದಲು 29ಬಿ ತೋರಿಸಿ ಅನ್ನಿ. ಇದೆ ಅಂದವರ ಹತ್ತಿರ ಮುಂದಿನ ಮಾತು. ಹಾರಿಸಿ ಮಾತಾಡಿದರೆ ವಾಪಸ್ ಬನ್ನಿ.

ಡೀಲರುಗಳೆಲ್ಲ ಕಳ್ಳರು ಅಂತ ನಾನು ಹೇಳುತ್ತಿಲ್ಲ. ನಮ್ಮ ಸ್ಕೂಲಿನ ಕ್ಲರ್ಕ್ ಕೊಂಡ ಗಾಡಿಗೆ ಗೇರ್ ಬಾಕ್ಸ್ ತೊಂದರೆ ಬಂದಾಗ ಅವರ ಡೀಲರ್ ಮರುಮಾತಾಡದೆ ಸರಿ ಮಾಡಿಸಿ ಕೊಟ್ಟರು. ಕೊಂಡವರೂ ನ್ಯಾಯವಾಗಿ ನಡೆದುಕೊಳ್ಳಬೇಕು. ಎಂಟು ವರ್ಷದ ಗಾಡಿಯ ಕ್ಲಚ್ ಪ್ಲೇಟು, ಬ್ರೇಕ್ ಪ್ಯಾಡು, ಬ್ಯಾಟರಿ ಇವತ್ತಲ್ಲ ನಾಳೆ ಸವೆಯುತ್ತವೆ. ಅದಕ್ಕೆ ಡೀಲರ್ ಮೇಲೆ ಜಗಳಕ್ಕೆ ಹೋದರೆ ನಿಜವಾದ ದೂರಿನ ಬೆಲೆಯೂ ಹೋಗುತ್ತದೆ.

ನಾನು ಫೋನಿನಲ್ಲಿ ಕೂಗಾಡೋದು ನಿಲ್ಲಿಸಿ ಎರಡು ಪುಟದ ಪತ್ರ ಬರೆದೆ. ಕೊಂಡ ತಾರೀಕು, ಕೊಟ್ಟ ಹಣ, ಅವರು ಹೇಳಿದ ಮಾತು, ಘಾಟಿಯಲ್ಲಿ ಆದದ್ದು, ಜಾಬ್ ಕಾರ್ಡಿನ ನಕಲು, 71,000ದ ದಾಖಲೆ. ಹದಿನೈದು ದಿನದೊಳಗೆ ಸರಿಪಡಿಸದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ ಅಂತ ಕೊನೆಗೆ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಂಡೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಿ ದೂರು ಬರೆಸಿದೆ. ಹನ್ನೆರಡನೇ ದಿನ ಅಂಗಡಿಯಿಂದಲೇ ಫೋನ್ ಬಂತು, ದನಿಯೇ ಬೇರೆ. ಗ್ಯಾಸ್ಕೆಟ್, ಲೇತ್ ಅಂಗಡಿಯಲ್ಲಿ ಹೆಡ್ ಫೇಸಿಂಗ್, ಹೊಸ ರೇಡಿಯೇಟರ್, ಕೂಲಿ, ಎಲ್ಲ ಸೇರಿ 41,500 ಆಗಿತ್ತು, ಪೂರ್ತಿ ಹಾಕಿದರು. ಜೊತೆಗೆ ಒಂದು ಕಾಗದ ಕಳಿಸಿ ಸಹಿ ಮಾಡಿ ಅಂದರು, ಇನ್ನು ಯಾವ ಬಾಕಿಯೂ ಇಲ್ಲ ಅಂತ. ನಾನು ಮಾಡಲಿಲ್ಲ. 'ಎಂಜಿನ್ ರಿಪೇರಿಯ ಹಣ ಮಾತ್ರ ತಲುಪಿದೆ' ಅಂತ ನನ್ನ ಕೈಯಾರೆ ಬರೆದು ಕಳಿಸಿದೆ. ಮೀಟರಿನ ಸುಳ್ಳು ಹಾಗೇ ಉಳಿದಿದೆಯಲ್ಲ, ಆ ಸುಳ್ಳಿಗೂ ನಾನು ದುಡ್ಡು ಕೊಟ್ಟಿದ್ದೇನೆ.

ಅದಕ್ಕೇ ಇಲ್ಲಿ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಹಾಕಿದ್ದೇನೆ. ಬೆಂಗಳೂರಿನಲ್ಲಿ ಕೊಂಡರೂ ನಾವು ವಾಸ ಇರುವ ಊರಿನಲ್ಲೇ ಹಾಕಬಹುದು, 2019ರ ಕಾಯ್ದೆ ಕೊಟ್ಟ ಅನುಕೂಲ ಅದು. ಕೊಂಡ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಹತ್ತು ಲಕ್ಷದ ತನಕ 200 ರೂಪಾಯಿ. ಎರಡು ವರ್ಷದೊಳಗೆ ಹಾಕಬೇಕು. ವಕೀಲರು ಇರಲೇಬೇಕು ಅಂತಿಲ್ಲ. ಮೂರು ತಿಂಗಳಲ್ಲಿ, ಪರೀಕ್ಷೆಗೆ ಕಳಿಸುವುದಿದ್ದರೆ ಐದು ತಿಂಗಳಲ್ಲಿ ಮುಗಿಸಲು ನೋಡಬೇಕು ಅಂತ ಕಾಯ್ದೆಯಲ್ಲಿದೆ, ನನ್ನದು ಅದನ್ನೂ ಮೀರಿ ನಡೆಯುತ್ತಿದೆ. ನಡೆಯಲಿ. ಪ್ರತಿ ತಾರೀಕಿಗೂ ರಜೆ ಹಾಕಿ ಹೋಗುತ್ತೇನೆ.

ಮಗನಿಗೆ ಇದಿಷ್ಟು ಹೇಳಿ. ಮೀಟರ್ ನಂಬಬೇಡ, ಬ್ರೇಕ್ ಪೆಡಲಿನ ರಬ್ಬರ್ ನೋಡು. ನಲವತ್ತು ಸಾವಿರ ಓಡಿದ ಗಾಡಿಯ ಪೆಡಲ್ ಬೋಳಾಗಿರುವುದಿಲ್ಲ, ಸ್ಟಿಯರಿಂಗ್ ಸವೆದು ಹೊಳೆಯುತ್ತಿರುವುದಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡು, ಕೆಸರಿನ ಗೆರೆ ಕಂಡರೆ ಗಾಡಿ ನೀರಿನಲ್ಲಿ ಮುಳುಗಿ ಎದ್ದದ್ದು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು ಕಡೆ ಎಷ್ಟು ಕಾರು ಮುಳುಗಿದವು, ಟಿವಿಯಲ್ಲಿ ನಾವಿಬ್ಬರೂ ಕೂತು ನೋಡಿದ್ದೆವಲ್ಲ, ಅಂಥವೂ ಒಣಗಿಸಿಕೊಂಡು ಮಾರಾಟಕ್ಕೆ ಬರುತ್ತವೆ. ಕಂಪನಿ ಸರ್ವಿಸ್ ಸೆಂಟರಿಗೆ ಕರೆದುಕೊಂಡು ಹೋಗಿ ಹಳೆಯ ದಾಖಲೆ ತೆಗೆಸಿಕೊಡಿ ಅಂತ ಡೀಲರನ್ನೇ ಕೇಳಲಿ. ಸಾಲ ತೀರಿದೆಯಾ, ದಂಡ ಬಾಕಿ ಇದೆಯಾ ಅಂತ ಗಾಡಿ ನಂಬರ್ ಹಾಕಿ ಆನ್‌ಲೈನ್‌ನಲ್ಲಿ ನೋಡಿಕೊಳ್ಳಲಿ. ಅವರು ಬಾಯಲ್ಲಿ ಹೇಳಿದ್ದನ್ನೆಲ್ಲ, ಕಿಲೋಮೀಟರ್ ಎಷ್ಟು, ಅಪಘಾತ ಆಗಿಲ್ಲ, ಎಂಜಿನ್ ಸರಿಯಿದೆ ಅನ್ನುವುದನ್ನು, ಅಂಗಡಿಯ ಬಿಲ್ಲಿನ ಮೇಲೆ ಬರೆಸಿ ಸಹಿ ಹಾಕಿಸಿಕೊಳ್ಳಲಿ.

ಶನಿವಾರ ನನಗೂ ರಜೆ ಇದೆ, ನಾನೂ ಬರುತ್ತೇನೆ. ಆ ಮೆಕ್ಯಾನಿಕ್ಕನ್ನೂ ಕೇಳಿದ್ದೇನೆ, ಒಂದು ದಿನದ ಕೂಲಿ ಕೊಟ್ಟರೆ ಬರುತ್ತಾನಂತೆ. ಶುಕ್ರವಾರ ರಾತ್ರಿಯ ಬಸ್ಸಿಗೆ ಹೋಗೋಣ, ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಬೇಕು. ನಾವು ಬರುವ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ದಿನವೇ ಫೋನ್ ಮಾಡಿ ಹೇಳಿಬಿಡಿ.