ಸೊನ್ನೆಯ ಕೆಳಗಿನ ಮುಳ್ಳು

ಗಾಳಿಗೂ ಲೆಕ್ಕ ಇಡುವ ಜನ ಹೈದರಾಬಾದಿನಲ್ಲಿ ಇದ್ದಾರೆಂದು ನನಗೆ ತಿಳಿದದ್ದು, ನಮ್ಮ ಅಕ್ಕನ ಮಗ ಸೆಕೆಂಡ್ ಹ್ಯಾಂಡ್ ಫಿಯಟ್ ಲಿನಿಯಾ ಟಿ-ಜೆಟ್ ಕೊಂಡ ಮೇಲೆ. ಊರು ಸಮುದ್ರಮಟ್ಟದಿಂದ ಸುಮಾರು 540 ಮೀಟರ್ ಎತ್ತರದಲ್ಲಿದೆ. ಕಡಲ ದಂಡೆಯವರಿಗೆ ದೇವರು ಪುಕ್ಕಟೆ ಕೊಡುವ ಒಂದು ಬಾರ್ ಒತ್ತಡದಲ್ಲಿ ನಮಗೆ ನೂರಕ್ಕೆ ಐದಾರು ಪಾಲು ಖೋತಾ. ಬೆಂಗಳೂರಿನವರಿಗೆ ಇನ್ನೂ ಹೆಚ್ಚು ಖೋತಾ; ಆದರೂ ತಮ್ಮ ಹವೆಯ ಬಗ್ಗೆ ಕೊಚ್ಚಿಕೊಳ್ಳುವುದನ್ನು ಅವರು ಬಿಟ್ಟಿಲ್ಲ.

ಹೊಗೆ ಹೇಗೂ ಹೊರಗೆ ಹೋಗುತ್ತದೆ, ಹೋಗುವಾಗ ಒಂದು ಚಕ್ರ ತಿರುಗಿಸಿಕೊಟ್ಟು ಹೋಗಲಿ ಎಂಬ ಜಿಪುಣ ಯೋಚನೆಗೆ 1905ರಲ್ಲಿ ಪೇಟೆಂಟ್ ಪಡೆದವನು ಸ್ವಿಟ್ಜರ್‌ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತಿ ಎಂಜಿನಿನೊಳಕ್ಕೆ ತುರುಕುತ್ತದೆ. ಈ ಜೋಡಿಯೇ ಟರ್ಬೊ; ಅಳಿಯನ ಕಾರಿನಲ್ಲಿರುವುದೂ ಅದೇ. ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತು. ಗಾಳಿ ಹೆಚ್ಚಾದರೆ ಪೆಟ್ರೋಲೂ ಹೆಚ್ಚು ಉರಿಯುತ್ತದೆ, ಸಣ್ಣ ಎಂಜಿನ್ ದೊಡ್ಡದರಂತೆ ಗುಟುರು ಹಾಕುತ್ತದೆ. ಹೀಗೆ ಮೇಲಿಂದ ತುರುಕಿದ ಒತ್ತಡವೇ ಬೂಸ್ಟ್. ಅದನ್ನು ಕಣ್ಣಾರೆ ಕಾಣಬೇಕೆಂದು ಅಳಿಯ ಸ್ಟಿಯರಿಂಗಿನ ಪಕ್ಕದ ಕಂಬಕ್ಕೆ ದುಂಡನೆಯ ಮೀಟರ್ ಒಂದನ್ನು ಅಂಟಿಸಿಕೊಂಡ. ಎಂಜಿನಿನಿಂದ ಬರುವ ಸಪೂರ ರಬ್ಬರ್ ನಳಿಗೆ ಆ ಮೀಟರಿನೊಳಗಿನ ಬಾಗಿದ ಹಿತ್ತಾಳೆ ಕೊಳವೆಗೆ ಸೇರುತ್ತದೆ. ಒತ್ತಡ ಏರಿದರೆ ಕೊಳವೆ ನೆಟ್ಟಗಾಗಲು ನೋಡುತ್ತದೆ, ಮುಳ್ಳು ಸರಿಯುತ್ತದೆ. ಫ್ರಾನ್ಸಿನ ಯುಜೀನ್ ಬೂರ್ದೋನ್ 1849ರಲ್ಲಿ ಉಗಿಯಂತ್ರಗಳ ಕಾಲದಲ್ಲಿ ಕಂಡುಹಿಡಿದದ್ದು ಈಗ ಗಚ್ಚಿಬೌಲಿಯ ಸಾಫ್ಟ್‌ವೇರ್ ಹುಡುಗನ ಮುಂದೆ ಕೆಂಪು ದೀಪ ಹೊತ್ತು ಕೂತಿದೆ.

ಮೀಟರಿನಲ್ಲಿ ಸೊನ್ನೆ ಇರುವುದು ನಡುವೆ. ಸೊನ್ನೆಯಿಂದ ಮೇಲೆ ಬೂಸ್ಟ್, ಕೆಳಗೆ ನಿರ್ವಾತ. ಆಕ್ಸಿಲರೇಟರ್ ತುಳಿಯದೆ ಇರುವಾಗ ಎಂಜಿನ್ ಮುಚ್ಚಿದ ಬಾಗಿಲ ಹಿಂದೆ ನಿಂತು ಗಾಳಿಗಾಗಿ ಹೀರುತ್ತಿರುತ್ತದೆ. ಮುಳ್ಳು ಕೆಳಗೆ ಬಿದ್ದಿರುತ್ತದೆ. ಕಾಚಿಗುಡದ ನಮ್ಮ ಮನೆಯಿಂದ ಹೊರಟು ಪಂಜಾಗುಟ್ಟ, ಅಮೀರ್‌ಪೇಟೆ ದಾಟುವಷ್ಟರಲ್ಲಿ ನಾನು ಕಂಡದ್ದೆಲ್ಲ ಈ ಕೆಳಗಿನ ಅರ್ಧವನ್ನೇ. ಮೇಲರ್ಧಕ್ಕೆ ಕೊಟ್ಟ ದುಡ್ಡು ದಂಡವಾಯಿತಲ್ಲ ಎಂದು ಮರುಗುತ್ತಿರುವಾಗ ಒಂದು ಆಟೋ ಎಡಕ್ಕೆ ಸರಿಯಿತು, ಇಪ್ಪತ್ತು ಮಾರು ಜಾಗ ಬಯಲಾಯಿತು. “ಮಾಮಾ, ಮುಳ್ಳು ನೋಡ್ರಿ, ಮುಳ್ಳು!” ನಾನು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಎದುರಿಗೆ ಆರ್‌ಟಿಸಿ ಬಸ್ಸಿನ ಹಿಂಭಾಗ ಬಂತು.

ಇಷ್ಟಕ್ಕೇ ಸುಮ್ಮನಿದ್ದರೆ ಅವನು ನಮ್ಮ ವಂಶದವನೇ ಅಲ್ಲ. ನೋಡಿದ್ದಾಯಿತು, ಇನ್ನು ಹಿಡಿತಕ್ಕೆ ತಗೋಬೇಕು ಎಂದ. ಅವನ ಮೆಕ್ಯಾನಿಕ್, ಎಲ್ಲರೂ ಉಸ್ತಾದ್ ಎನ್ನುವ ಮುದುಕ, ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಒಳಗುಟ್ಟು ಹೇಳಿದ. ಟರ್ಬೊಗೆ ಸಾಕು ಅನ್ನುವುದು ಗೊತ್ತಿಲ್ಲ. ಹೊಗೆ ಹೆಚ್ಚಾದರೆ ಚಕ್ರ ಜೋರು, ಚಕ್ರ ಜೋರಾದರೆ ಗಾಳಿ ಹೆಚ್ಚು, ಗಾಳಿ ಹೆಚ್ಚಾದರೆ ಮತ್ತೆ ಹೊಗೆ ಹೆಚ್ಚು. ಅದಕ್ಕೆ ವೇಸ್ಟ್‌ಗೇಟ್ ಎಂಬ ಕಳ್ಳಬಾಗಿಲು. ಒತ್ತಡ ಮಿತಿ ಮುಟ್ಟಿದಾಗ ಅದೇ ಒತ್ತಡ ನಳಿಗೆಯಲ್ಲಿ ಹೋಗಿ ಒಂದು ಸ್ಪ್ರಿಂಗನ್ನು ಅದುಮಿ ಬಾಗಿಲು ತೆಗೆಯುತ್ತದೆ, ಮಿಕ್ಕ ಹೊಗೆ ಚಕ್ರದ ತಂಟೆಗೆ ಹೋಗದೆ ಹೊರಬೀಳುತ್ತದೆ. ಬೂಸ್ಟ್ ಕಂಟ್ರೋಲರ್ ಮಾಡುವುದು ಇಷ್ಟೆ: ಆ ನಳಿಗೆಯ ಗಾಳಿಯನ್ನು ದಾರಿಯಲ್ಲೇ ಸ್ವಲ್ಪ ಸೋರಿಸಿ, ಸ್ಪ್ರಿಂಗಿಗೆ ಸುದ್ದಿ ತಡವಾಗಿ, ಕಡಿಮೆಯಾಗಿ ಮುಟ್ಟುವಂತೆ ನೋಡಿಕೊಳ್ಳುವುದು. ನಮ್ಮ ಅನೇಕ ಕಚೇರಿಗಳು ನಡೆಯುವುದೂ ಈ ತತ್ವದ ಮೇಲೆಯೇ. ಆ ನಳಿಗೆ ಕಳಚಿಯೇ ಬಿದ್ದರಂತೂ ಬಾಗಿಲು ತೆರೆಯುವುದೇ ಇಲ್ಲ. ಒತ್ತಡ ಎಲ್ಲಿಯವರೆಗೆ ಏರಿತು ಎಂಬುದು ಪಿಸ್ಟನ್ ತೂತಾದ ಮೇಲೆ ಗೊತ್ತಾಗುತ್ತದೆ. “ಜ್ಯಾದಾ ನಕ್ಕೊ ಸಾಬ್,” ಎಂದು ಉಸ್ತಾದ್ ಕಂಟ್ರೋಲರಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದ. ನನಗೆ ಅವನ ಮೇಲೆ ಗೌರವ ಬಂತು.

ಜ್ಯಾದಾ ಬೇಕೆಂದವರೂ ಇದ್ದರು. 1986ರ ಫಾರ್ಮುಲಾ ಒನ್‌ನಲ್ಲಿ ಬಿಎಂಡಬ್ಲ್ಯು ಒಂದೂವರೆ ಲೀಟರಿನ ಎಂಜಿನಿಗೆ, ಅರ್ಹತಾ ಸುತ್ತಿನ ಕೆಲವೇ ನಿಮಿಷಗಳ ಮಟ್ಟಿಗೆ, ಐದು ಬಾರ್‌ಗೂ ಮೀರಿ ಒತ್ತಡ ಕೊಟ್ಟಿತು. ಅದರ ಪೂರ್ತಿ ಶಕ್ತಿ ಎಷ್ಟೆಂದು ಅಳೆಯುವ ತಾಕತ್ತು ಅವರ ಅಳೆಯುವ ಯಂತ್ರಕ್ಕೇ ಇರಲಿಲ್ಲ. ಕೊನೆಗೆ 1987ರಲ್ಲಿ ಎಲ್ಲ ಟರ್ಬೊ ಎಂಜಿನ್‌ಗಳ ತಲೆಯ ಮೇಲೂ ಒಂದು ಕವಾಟ ಕೂರಿಸಿದರು, ಕುಕ್ಕರಿನ ವೆಯ್ಟ್ ಇದ್ದ ಹಾಗೆ: ನಾಲ್ಕು ಬಾರ್ ದಾಟಿದರೆ ಬುಸ್ ಎಂದು ಬಿಟ್ಟುಬಿಡುತ್ತಿತ್ತು. ಮರುವರ್ಷ ಎರಡೂವರೆಗೆ ಇಳಿಸಿದರು. 1989ರಲ್ಲಿ ಟರ್ಬೊವನ್ನೇ ನಿಷೇಧಿಸಿದರು.

ಅಳಿಯನಿಗೆ ಒಬ್ಬ ಎದುರಾಳಿ ಇದ್ದಾನೆ. ಕಾರಿನ ಕಂಪ್ಯೂಟರಿನ ಓಬಿಡಿ ಸಾಕೆಟ್ಟಿಗೆ ಬ್ಲೂಟೂತ್ ಗುಬುಟು ಸಿಕ್ಕಿಸಿ ಮೊಬೈಲಿನಲ್ಲೇ ಒತ್ತಡ ನೋಡುವವನು. ಇರಾನಿ ಚಹಾ ಕುಡಿಯುತ್ತ ಒಂದು ಸಂಜೆ ಆತ, ನನ್ನದು 1.75 ಬಾರ್ ಎಂದ. ನಮ್ಮವನದು 0.8. ಅಳಿಯನ ಉಸ್ಮಾನಿಯಾ ಬಿಸ್ಕತ್ತು ಚಹಾದೊಳಗೆ ಮುರಿದು ಬಿತ್ತು. ಆಮೇಲೆ ವಿಚಾರಿಸಿದರೆ ಎರಡೂ ಒಂದೇ! ಮೊಬೈಲು ತೋರಿಸುವುದು ಸೆನ್ಸರಿನ ಒಟ್ಟು ಒತ್ತಡ. ಹೊರಗಿನ ವಾಯುಮಂಡಲದ 0.95 ಅದರಲ್ಲೇ ಸೇರಿರುತ್ತದೆ. ಪುಣ್ಯಾತ್ಮ ಹೈದರಾಬಾದಿನ ಆಕಾಶವನ್ನೂ ತನ್ನ ಎಂಜಿನಿನ ಖಾತೆಗೆ ಜಮಾ ಮಾಡಿಕೊಂಡಿದ್ದ.

ಮೇ ತಿಂಗಳಲ್ಲಿ ಇಬ್ಬರ ಪೌರುಷವೂ ಕರಗುತ್ತದೆ. 42 ಡಿಗ್ರಿ ಬಿಸಿಲಿನ ಗಾಳಿ ಮೊದಲೇ ತೆಳು, ಟರ್ಬೊ ಒತ್ತಿದಾಗ ಇನ್ನಷ್ಟು ಕಾಯುತ್ತದೆ. ಇಂಟರ್‌ಕೂಲರ್ ಆ ಒತ್ತಿದ ಗಾಳಿಯನ್ನು ತಣಿಸಬೇಕಾದದ್ದೂ ಹೊರಗಿನ ಅದೇ ಬಿಸಿಗಾಳಿಯಿಂದ. ಕಾದ ಗಾಳಿಗೆ 91 ಆಕ್ಟೇನಿನ ಸಾಧಾರಣ ಪೆಟ್ರೋಲು ಕಿಡಿಯ ಜ್ವಾಲೆ ಬಂದು ಮುಟ್ಟುವುದನ್ನು ಕಾಯದೆ ಅಲ್ಲಲ್ಲಿ ತಾನೇ ಸಿಡಿಯಲು ನೋಡುತ್ತದೆ. ಆ ಟಣಟಣ ಸದ್ದನ್ನು ಆಲಿಸುವ ಸೆನ್ಸರೊಂದು ಎಂಜಿನಿಗೆ ಅಂಟಿಕೊಂಡಿದೆ. ಸದ್ದು ಕೇಳಿದ್ದೇ ತಡ ಕಂಪ್ಯೂಟರ್ ಕಿಡಿಯನ್ನು ತಡಮಾಡುತ್ತದೆ, ಬೂಸ್ಟ್ ತಗ್ಗಿಸುತ್ತದೆ, ಯಾರ ತಿರುಪನ್ನೂ ಕೇಳುವುದಿಲ್ಲ. ಸ್ವೀಡನ್ನಿನ ಸಾಬ್ ಕಂಪನಿ ಸದ್ದು ಆಲಿಸಿ ಬೂಸ್ಟ್ ತಗ್ಗಿಸುವ ಈ ಉಪಾಯವನ್ನು 1980ರ ದಶಕದ ಆರಂಭದಲ್ಲೇ ರಸ್ತೆಗೆ ತಂದಿತ್ತು.

ಬಯಲು ರಸ್ತೆಯಲ್ಲಾದರೂ ಮುಳ್ಳು ಏರಲಿ ಎಂದು 158 ಕಿಲೋಮೀಟರಿನ ಹೊರವರ್ತುಲ ರಸ್ತೆಗೆ ಹೋದೆವು. ಅಲ್ಲಿ 120ರ ಮಿತಿ. ಅಳಿಯ ಕಾನೂನಿಗೆ ತಲೆಬಾಗುವವನು, ಅವನ ತಾಯಿ ಬೀದರಿನಿಂದ ಫೋನ್ ಮಾಡಿ ಅದನ್ನು ಖಾತ್ರಿ ಮಾಡಿಕೊಳ್ಳುವವಳು. ವೇಗ 120ಕ್ಕೆ ಏರುವ ತನಕ ಮುಳ್ಳು ಹುಚ್ಚೆದ್ದು ಕುಣಿಯಿತು. ಒಮ್ಮೆ ವೇಗ ನಿಂತಮೇಲೆ, ಸಮನಾಗಿ ಓಡುವ ಕಾರಿಗೆ ಬೇಕಾದ ಶಕ್ತಿ ಅಷ್ಟಕ್ಕಷ್ಟೇ ನೋಡಿ, ಸೊನ್ನೆಯ ಬಳಿಗೇ ಬಂದು ಜೋಗುಳ ಕೇಳಿದಂತೆ ಮಲಗಿತು. ನಾನೂ ಸ್ವಲ್ಪ ಹೊತ್ತು ಮಲಗಿದೆ.

2023ರ ಫೆಬ್ರವರಿ 11ರಂದು ಹುಸೇನ್ ಸಾಗರದ ದಂಡೆಯಲ್ಲಿ ಫಾರ್ಮುಲಾ ಇ ಕಾರುಗಳು ಓಡಿ ಜಾನ್-ಎರಿಕ್ ವೆರ್ನ್ ಗೆದ್ದಾಗ ಇಡೀ ಊರು ಹಿಗ್ಗಿತು. ಅಳಿಯ ಮಾತ್ರ ಮುಖ ಗಂಟಿಕ್ಕಿದ್ದ. ಬ್ಯಾಟರಿ ಕಾರಿಗೆ ಹೊಗೆಯಿಲ್ಲ. ಹೊಗೆಯಿಲ್ಲದ ಮೇಲೆ ಟರ್ಬೊ ಎಲ್ಲಿಯದು, ಮುಳ್ಳು ಎಲ್ಲಿಯದು? ಸದ್ಯಕ್ಕೆ ಆಯಿಲ್ ಎಷ್ಟು ಕಾಯುತ್ತದೆಂದು ನೋಡಲು ಇನ್ನೊಂದು ಮೀಟರ್ ತರಿಸಿದ್ದಾನೆ. ಆ ಕಂಬದ ಮೇಲೆ ಮೂರನೆಯದಕ್ಕೂ ಜಾಗ ಇದೆಯಂತೆ.