ಖಾಲಿ ಕೋಣೆಗೆ ಚಳಿಯಾಗದಿರಲಿ

ಮೆಲ್ಬರ್ನಿನ ಪಶ್ಚಿಮದ ಬಡಾವಣೆಗಳಲ್ಲಿ ಇಬ್ಬರು ಕನ್ನಡಿಗರು ಭೇಟಿಯಾದರೆ ಮೊದಲ ಪ್ರಶ್ನೆ ‘ಯಾವೂರು?’, ಎರಡನೆಯದು ‘ಎಷ್ಟು ಸ್ಕ್ವೇರು?’. ಬೆಂಗಳೂರಿನ ಮೇಸ್ತ್ರಿಯೂ ಆಸ್ಟ್ರೇಲಿಯಾದ ಬಿಲ್ಡರೂ ಜಗಳವಿಲ್ಲದೆ ಒಪ್ಪಿಕೊಂಡ ಅಳತೆ ಅದು. ನೂರು ಚದರಡಿಗೆ ಒಂದು ಸ್ಕ್ವೇರು, ನಮ್ಮ ಬಾಯಲ್ಲಿ ಒಂದು ಚದರ. ನಾನು ಹನುಮಂತನಗರದ 9 ಚದರದ ಮನೆಯಲ್ಲಿ ಏಳು ಜನರ ನಡುವೆ ಬೆಳೆದವನು. ಇಲ್ಲಿ ನನ್ನದು 38 ಚದರ. ಇರುವವರು ಮೂರು ಜನ. ಮಗಳನ್ನು ಊಟಕ್ಕೆ ಕರೆಯಲು ಫೋನ್ ಮಾಡುತ್ತೇವೆ. ಸಿಗ್ನಲ್ ಇದ್ದರೆ ಊಟಕ್ಕೆ ಬರುತ್ತಾಳೆ.

ಐದು ಬೆಡ್‌ರೂಮು, ಒಂದು ಥಿಯೇಟರು, ಒಂದು ಸ್ಟಡಿ, ಮೇಲೊಂದು ‘ರಂಪಸ್ ರೂಮು’. ಮನೆ ತೋರಿಸಿದ ಏಜೆಂಟು ಆ ಪದ ಹೇಳಿದಾಗ, ರಂಪ ಮಾಡುವುದಕ್ಕೂ ಇಲ್ಲಿ ಪ್ರತ್ಯೇಕ ಕೋಣೆ ಇಟ್ಟಿದ್ದಾರಲ್ಲ ಎಂದು ಬೆರಗಾಗಿದ್ದೆ. ಆಮೇಲೆ ನಿಘಂಟು ನೋಡಿದರೆ ಹೆಚ್ಚುಕಡಿಮೆ ಅದೇ ಅರ್ಥ. ಆದರೆ ಹನ್ನೊಂದು ವರ್ಷದಲ್ಲಿ ನಮ್ಮ ಮನೆಯ ರಂಪವೆಲ್ಲ ಅಡುಗೆಮನೆಯಲ್ಲೇ ನಡೆದಿದೆ. ರಂಪಸ್ ರೂಮಿನಲ್ಲಿ ಇರುವುದು ಒಂದು ಟ್ರೆಡ್‌ಮಿಲ್ಲು, ಅದರ ಮೇಲೆ ಒಣಗಲು ಹಾಕಿದ ಟವೆಲು.

ಮುಂಬಾಗಿಲು ತೆರೆದೊಡನೆ ಎರಡು ಮಹಡಿ ಎತ್ತರದ ಖಾಲಿ ಜಾಗ. ಇಲ್ಲಿನವರು ಅದನ್ನು ‘ವಾಯ್ಡ್’ ಎನ್ನುತ್ತಾರೆ. ಅಂದರೆ ಶೂನ್ಯ. ಅಲ್ಲಮಪ್ರಭುಗಳು ಶೂನ್ಯಸಿಂಹಾಸನ ಏರಿದರು. ನಾನು ಶೂನ್ಯಕ್ಕೆ ಶಾಂಡೆಲಿಯರ್ ತೂಗುಹಾಕಿ ಮೂವತ್ತು ವರ್ಷದ ಸಾಲಕ್ಕೆ ಸಹಿ ಹಾಕಿದೆ.

ಇಂಥ ಮನೆಯ ಡಕ್ಟೆಡ್ ಗ್ಯಾಸ್ ಹೀಟರು ಒಂದು ಜೂನ್ ಬೆಳಿಗ್ಗೆ ಎರಡು ಸಲ ಗೊರಕೆ ಹೊಡೆದು ಸತ್ತುಹೋಯಿತು. ವಿಕ್ಟೋರಿಯಾದವರಿಗೆ ಗ್ಯಾಸ್ ಅಂದರೆ ಹಿತ್ತಲ ಬಾವಿಯ ನೀರು ಇದ್ದಂತಿತ್ತು. 1960ರ ದಶಕದಲ್ಲಿ ಬಾಸ್ ಜಲಸಂಧಿಯ ತಳದಲ್ಲಿ ಸಿಕ್ಕಿದ್ದು, ಮನೆಮನೆಗೆ ಪೈಪಿನಲ್ಲಿ ಬಂತು. ಈಗ ಆ ಬಾವಿ ಬತ್ತುತ್ತಿದೆ. 2024ರ ಜನವರಿ 1ರಿಂದ, ಪ್ಲಾನಿಂಗ್ ಪರ್ಮಿಟ್ ಬೇಕಾಗುವ ಹೊಸ ಮನೆಗಳಿಗೆ ಇಲ್ಲಿ ಗ್ಯಾಸ್ ಸಂಪರ್ಕವೇ ಇಲ್ಲ. ಹಳೆಯ ಮನೆಯವರು ಗ್ಯಾಸ್ ಹೀಟರ್ ಕಿತ್ತು ಹೀಟ್ ಪಂಪ್ ಹಾಕಿಸಿದರೆ ಸರ್ಕಾರದ ಯೋಜನೆಯಲ್ಲಿ ರಿಯಾಯಿತಿ. ರಿಯಾಯಿತಿ ಎಂಬ ಪದ ಕಿವಿಗೆ ಬಿದ್ದ ಮೇಲೆ ನಮ್ಮವರಿಗೆ ಅಗತ್ಯ ತಾನಾಗಿ ಹುಟ್ಟಿಕೊಳ್ಳುತ್ತದೆ. ನನಗಂತೂ ಚಳಿಯೂ ಇತ್ತು.

ಅದೇ ವಾರ ಅಮ್ಮ ಊರಿಂದ ಬಂದಿಳಿದಿದ್ದರು. ಎರಡು ಸ್ವೆಟರು, ಒಂದು ಮಫ್ಲರು, ಮೇಲೊಂದು ಶಾಲು. ‘ಹೊರಗೆ 6 ಡಿಗ್ರಿ ಇದೆ ಅಂತೀಯ, ಆ ಗಾಳಿಯಿಂದಲೇ ಬಿಸಿ ತೆಗೀತಾರಾ? ಕಲ್ಲು ಹಿಂಡಿದರೆ ನೀರು ಬರುತ್ತೇನೋ?’ ಎಂದು ಕೇಳಿದರು.

ನ್ಯಾಯವಾದ ಪ್ರಶ್ನೆ. ಆದರೆ ಬರುತ್ತದೆ. 6 ಡಿಗ್ರಿ ಚಳಿ ನಮ್ಮ ಚರ್ಮಕ್ಕೆ ಚಳಿ, ಭೌತಶಾಸ್ತ್ರಕ್ಕಲ್ಲ. ಆ ಗಾಳಿಯಲ್ಲೂ ಶಾಖ ಬೇಕಾದಷ್ಟಿದೆ. ಹೊರಗಿನ ಪೆಟ್ಟಿಗೆಯ ಕೊಳವೆಗಳಲ್ಲಿ ಆ ಗಾಳಿಗಿಂತಲೂ ತಣ್ಣಗಿರುವ ಒಂದು ದ್ರವ ಹರಿಯುತ್ತದೆ. ಅದು ಶಾಖ ಹೀರಿ ಆವಿಯಾಗುತ್ತದೆ, ಕಂಪ್ರೆಸರು ಅದನ್ನು ಹಿಸುಕಿ ಬಿಸಿ ಮಾಡುತ್ತದೆ, ಒಳಗೆ ಬಂದು ಆ ಬಿಸಿಯನ್ನು ಬಿಟ್ಟುಕೊಡುತ್ತದೆ. ಲಾರ್ಡ್ ಕೆಲ್ವಿನ್ 1852ರಲ್ಲೇ ಹೇಳಿದ್ದ ಉಪಾಯ. 1938ರಲ್ಲಿ ಜ್ಯೂರಿಕ್ ನಗರದ ಟೌನ್‌ಹಾಲನ್ನು ನದಿಯ ತಣ್ಣೀರಿನಿಂದಲೇ ಬೆಚ್ಚಗಿಟ್ಟರು. ಅಮ್ಮನಿಗೆ ನಾನು ಹೇಳಿದ್ದು ಚಿಕ್ಕದಾಗಿ: ‘ಬೋರ್‌ವೆಲ್ ಪಂಪು ನೀರು ಹುಟ್ಟಿಸುತ್ತಾ? ಕೆಳಗಿದ್ದುದನ್ನು ಮೇಲೆತ್ತುತ್ತೆ. ಇದೂ ಹಾಗೇ. ಒಂದು ಯೂನಿಟ್ ಕರೆಂಟಿಗೆ ಮೂರು, ನಾಲ್ಕು ಯೂನಿಟ್ ಬಿಸಿ ಎತ್ತಿಕೊಡುತ್ತೆ.’

‘ಕರೆಂಟು ಫ್ರೀನಾ?’

ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ರೈತರ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ಆಮೇಲೆ ಕೊಟೇಶನ್ ಕೊಡಲು ಬಂದವನೊಬ್ಬ ನನಗೆ ಬೇಕೆಂದು ಹೇಳಿದ ಯಂತ್ರ ಪೂರ್ತಿ ಓಡಿದರೆ 8 ಎಚ್‌ಪಿಯಷ್ಟು ಎಳೆಯುತ್ತದೆ. ಊರಲ್ಲಿ ಇದನ್ನೇ ತೋಟದಲ್ಲಿಟ್ಟು ‘ಐಪಿ ಸೆಟ್’ ಎಂದು ಬರೆಸಿದ್ದರೆ ಸರ್ಕಾರವೇ ನಮ್ಮನ್ನು ಬೆಚ್ಚಗಿಡುತ್ತಿತ್ತೇನೋ. ಇಲ್ಲಿ ಯೂನಿಟ್ಟಿಗೆ ಸುಮಾರು 30 ಸೆಂಟ್.

ಕೊಟೇಶನ್ ಕೊಡಲು ಮೂವರು ಸಿಕ್ಕರು.

ಮೊದಲನೆಯವನು ಮನೆಯ ಪ್ಲಾನ್ ನೋಡಿ ತಲೆಯಲ್ಲೇ ಲೆಕ್ಕ ಹಾಕಿದ. ಗ್ಯಾರೇಜು, ಬಾಲ್ಕನಿ ಕಳೆದು ಬಿಸಿ ಮಾಡಬೇಕಾದ ಜಾಗ ಸುಮಾರು 270 ಚದರ ಮೀಟರು. ಮೀಟರಿಗೆ 150 ವಾಟು. ‘ಒಟ್ಟು 40 ಕಿಲೋವಾಟ್ ಬೇಕು, ಆದ್ದರಿಂದ ನಿಮಗೆ 20 ಕಿಲೋವಾಟ್ ಹಾಕ್ತೀನಿ’ ಅಂದ. ಆ ‘ಆದ್ದರಿಂದ’ದ ಮೇಲೆ ನಾನು ಇವತ್ತಿಗೂ ಧ್ಯಾನ ಮಾಡುತ್ತಿದ್ದೇನೆ. ‘ಅರ್ಧ ಸಾಕಾ?’ ಎಂದರೆ, ‘ಎಲ್ಲ ಕೋಣೆ ಒಟ್ಟಿಗೆ ಯಾರು ಬಳಸ್ತಾರೆ? ಜೋನ್ ಮಾಡ್ತೀವಲ್ಲ’ ಎಂದ. ಅಂದರೆ ಇಡೀ ಮನೆಗೆ ಬಿಸಿಯೂಡಿಸುವ ಯಂತ್ರದ ಮೊದಲ ಷರತ್ತು, ಇಡೀ ಮನೆಗೆ ಬಿಸಿಯೂಡಿಸಬಾರದು ಎಂಬುದು. ಮದುವೆಗೆ ಐನೂರು ಜನರನ್ನು ಕರೆದು ಇನ್ನೂರೈವತ್ತು ಎಲೆ ಹಾಕಿಸಿ, ‘ಎಲ್ಲರೂ ಒಂದೇ ಪಂಕ್ತಿಗೆ ಎಲ್ಲಿ ಕೂರ್ತಾರೆ ಬಿಡಿ’ ಎನ್ನುವ ಅಡುಗೆ ಭಟ್ಟರ ಲೆಕ್ಕ. ಭಟ್ಟರ ಲೆಕ್ಕದ ಹಾಗೆ ಇದೂ ಸರಿಯಾದದ್ದೇ. ಬೆಲೆ 21,000 ಡಾಲರು, ಎಂಟು ಜೋನು, ಜೊತೆಗೆ ಮೀಟರ್ ಬೋರ್ಡಿನ ಕೆಲಸ ಬೇರೆ.

ಎರಡನೆಯವನು ಉಳಿದಿಬ್ಬರು ಮಾಡದ ಕೆಲಸ ಮಾಡಿದ. ಅಟ್ಟ ಹತ್ತಿದ. ಅರ್ಧ ಗಂಟೆ ಕಳೆದು ಜೇಡರ ಬಲೆ ಸಮೇತ ಇಳಿದವನು ಹೇಳಿದ್ದಿಷ್ಟು: ‘ಹಳೆಯ ಡಕ್ಟು ಮೂರು ಕಡೆ ಹರಿದಿದೆ, ಒಂದು ಕಡೆ ಜೋಡಣೆಯೇ ಬಿಟ್ಟಿದೆ. ಲೈಟುಗಳ ಸುತ್ತ ಇನ್ಸುಲೇಶನ್ ಇಲ್ಲ. ಕಿಟಕಿ ಒಂಟಿ ಗಾಜು. ಬಾಗಿಲ ಕೆಳಗೆ ಬೆಕ್ಕು ನುಸುಳುವಷ್ಟು ಸಂದು. ಮೊದಲು ಸಾವಿರ ಡಾಲರ್ ಖರ್ಚು ಮಾಡಿ ಇವನ್ನು ಮುಚ್ಚಿಸಿ. ನೀವು ಕೂರುವ ಹಾಲಿಗೆ ಒಂದು ಗೋಡೆಯ ಸ್ಪ್ಲಿಟ್, ಮಲಗುವ ಕೋಣೆಗಳಿಗೆ ಚಿಕ್ಕವು ಎರಡು. ಸಾಕು.’ ಡಕ್ಟಿನ ಸೋರಿಕೆಯೇನೂ ನಮ್ಮೊಬ್ಬರ ಕಥೆಯಲ್ಲ. ಸಾಧಾರಣ ಮನೆಯಲ್ಲಿ ಡಕ್ಟಿನೊಳಗೆ ಹರಿಯುವ ಗಾಳಿಯಲ್ಲಿ 20ರಿಂದ 30 ಪ್ರತಿಶತ ಸೋರಿಹೋಗುತ್ತದೆಂದು ಅಮೆರಿಕದ ಎನರ್ಜಿ ಸ್ಟಾರ್ ಯೋಜನೆಯೇ ಹೇಳುತ್ತದೆ. ಇಷ್ಟು ವರ್ಷ ನಾನು ಅಟ್ಟದ ಇಲಿಗಳನ್ನು ಕುಟುಂಬದ ಸದಸ್ಯರಂತೆ ನೋಡಿಕೊಂಡಿದ್ದೆ.

ಅವನು ಹೇಳಿದ್ದೆಲ್ಲ ನಿಜ ಎಂದು ಗೊತ್ತಾದ ಕೂಡಲೇ ಅವನನ್ನು ಕಳಿಸಿಬಿಟ್ಟೆ. ಸಂದು ಮುಚ್ಚಿಸಿದ್ದನ್ನು ನೆಂಟರಿಗೆ ಹೇಗೆ ತೋರಿಸುವುದು? ‘ಬನ್ನಿ, ನಮ್ಮ ಬಾಗಿಲಿನ ರಬ್ಬರ್ ಪಟ್ಟಿ ನೋಡಿ’ ಎಂದು ಯಾವ ಗೃಹಪ್ರವೇಶದಲ್ಲಿ ಯಾರು ಹೇಳಿದ್ದಾರೆ? ಗೋಡೆಗೆ ಸ್ಪ್ಲಿಟ್ ನೇತುಹಾಕುವುದು 18 ಚದರದವರು. 38 ಚದರದವರ ಬಿಸಿ ಎಲ್ಲಿಂದ ಬರುತ್ತದೆಂದು ಕಾಣಿಸಬಾರದು. ದೇವರ ಹಾಗೆ ಮೇಲಿನಿಂದ, ನಿರಾಕಾರವಾಗಿ ಇಳಿಯಬೇಕು.

ಮೂರನೆಯವನು ಬರಲೇ ಇಲ್ಲ. ಫೋನಿನಲ್ಲೇ ಕೇಳಿದ: ‘ಎಷ್ಟು ಬೆಡ್‌ರೂಮು?’ ಐದು ಎಂದೆ. ‘9,990 ಡಾಲರ್, ರಿಯಾಯಿತಿ ಕಳೆದು. 14 ಕಿಲೋವಾಟು, ಎರಡು ಜೋನು. ಶುಕ್ರವಾರದೊಳಗೆ ಒಪ್ಪಿದರೆ ಮಾತ್ರ.’

ಹತ್ತು ಸಾವಿರಕ್ಕೆ ಹತ್ತು ಡಾಲರ್ ಕಮ್ಮಿ! ಬಾಟಾ ಚಪ್ಪಲಿಯ ಬೆಲೆ ನೋಡಿ ಬೆಳೆದ ನನ್ನ ಪೀಳಿಗೆಗೆ ಆ ತೊಂಬತ್ತರ ಅಂಕಿ ಕಂಡರೆ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಶುಕ್ರವಾರದ ತನಕ ಕಾಯಲಿಲ್ಲ, ಬುಧವಾರವೇ ಒಪ್ಪಿದೆ.

ಬ್ರೋಷರನ್ನು ಆಮೇಲೆ ಓದಿದೆ. ಬಿಸಿ ಮಾಡುವ ಸಾಮರ್ಥ್ಯ 14 ಕಿಲೋವಾಟ್ ಎಂದು ದಪ್ಪಕ್ಷರದಲ್ಲಿತ್ತು. ಹೊರಗೆ 7 ಡಿಗ್ರಿ ಇದ್ದಾಗ ಎಂದು ಸಣ್ಣಕ್ಷರದಲ್ಲಿತ್ತು. ಬ್ರೋಷರಿನ ಊರಿನಲ್ಲಿ ಸದಾ 7 ಡಿಗ್ರಿ. ಅಲ್ಲಿ ಮಂಜು ಬೀಳುವುದಿಲ್ಲ, ಮಕ್ಕಳು ಬೆಳಿಗ್ಗೆ ಆರೂವರೆಗೆ ಏಳುವುದಿಲ್ಲ. ನಮ್ಮೂರಿನಲ್ಲಿ ಜುಲೈ ಬೆಳಗಿನ ಜಾವ ಪಾದರಸ 2ಕ್ಕೆ ಇಳಿಯುತ್ತದೆ, ಬಿಸಿ ಬೇಕಾಗುವುದೂ ಆಗಲೇ. ಆಗ ಯಂತ್ರದ ಶಕ್ತಿ ಕುಂದುತ್ತದೆ. ಹೊರಗಿನ ಕೊಳವೆಗಳ ಮೇಲೆ ಹಿಮ ಕಟ್ಟುತ್ತದೆ. ಅದನ್ನು ಕರಗಿಸಲು ಯಂತ್ರ ಉಲ್ಟಾ ತಿರುಗಿ, ಒಳಗಿನ ಬಿಸಿಯನ್ನೇ ಕೆಲವು ನಿಮಿಷ ಹೊರಗೆ ಒಯ್ಯುತ್ತದೆ. ದೊಡ್ಡದೂ ಹಾಗೇ ಮಾಡುತ್ತದೆ, ಆದರೆ ಅದಕ್ಕೆ ಅಷ್ಟು ಕಳೆದರೂ ಕೈಯಲ್ಲಿ ಉಳಿದಿರುತ್ತದೆ. ಚಿಕ್ಕದು ಮಗ್ಗಿ ತಪ್ಪಿದ ಹುಡುಗನ ಹಾಗೆ ಮತ್ತೆ ಒಂದೊಂದ್ಲೆಯಿಂದ ಶುರುಮಾಡುತ್ತದೆ.

ಡಕ್ಟು ಹೊಸದು ಬರಲಿಲ್ಲ. 9,990ರಲ್ಲಿ ‘ಇರುವ ಡಕ್ಟನ್ನೇ ಬಳಸಲಾಗುವುದು’ ಎಂದಿತ್ತಂತೆ. ಹಳೆಯ ಗ್ಯಾಸ್ ಹೀಟರಿನ ಸುಡುಗಾಳಿಗೆ ಅಳೆದು ಹಾಕಿದ್ದ ಸಣ್ಣ ಕೊಳವೆಗಳು ಅವು. ಹೀಟ್ ಪಂಪಿನ ಗಾಳಿ ಅಷ್ಟು ಬಿಸಿ ಇರುವುದಿಲ್ಲ, ಹಾಗಾಗಿ ಹೆಚ್ಚು ಗಾಳಿ ಹರಿಯಬೇಕು, ಅದಕ್ಕೆ ದಪ್ಪ ಕೊಳವೆ ಬೇಕು. ಸಣ್ಣದರಲ್ಲಿ ನೂಕಿದರೆ ಶಿಳ್ಳೆ ಹೊಡೆಯುತ್ತದೆ. ರಾತ್ರಿ ಹನ್ನೊಂದಕ್ಕೆ ನಮ್ಮ ಮನೆಯಲ್ಲಿ ಅರಸೀಕೆರೆ ಜಂಕ್ಷನ್ನಿನ ಸದ್ದು.

ಗಾಳಿ ವಾಪಸು ಎಳೆಯುವ ಜಾಲರಿ ಒಂದೇ ಒಂದು, ಅದೂ ಅಡುಗೆಮನೆಯ ಪಕ್ಕದ ಓಣಿಯಲ್ಲಿ. ಇಂಗು ಸಾಸಿವೆ ಸಿಡಿಯುವುದು ಕೆಳಗೆ, ಸೀನುವುದು ಮೇಲಿನ ಮಹಡಿಯಲ್ಲಿ. ಬಿಸಿ ಯಾವ ಕೋಣೆಗೂ ಸರಿಯಾಗಿ ತಲುಪದಿದ್ದರೂ ಒಗ್ಗರಣೆ ಮಾತ್ರ ಸಮಪಾಲು ಸಮಬಾಳಿನ ತತ್ವದಂತೆ ಐದೂ ಬೆಡ್‌ರೂಮಿಗೆ ಹಂಚಿಕೆಯಾಯಿತು. ಹಾಲಿನ ಬಿಸಿಯಂತೂ ಮೆಟ್ಟಿಲ ಬಳಿಯ ಶೂನ್ಯದಲ್ಲಿ ಏರಿ ಶಾಂಡೆಲಿಯರನ್ನು ಅಪ್ಪಿಕೊಂಡು ನಿಂತಿತು. ಸೋಫಾದಲ್ಲಿ ನಾವು ಕಂಬಳಿ ಹೊದ್ದು ಅದರ ಸುಖ ನೋಡುತ್ತಿದ್ದೆವು.

‘ಹೋಗಲಿ, ಖಾಲಿ ಕೋಣೆಗಳನ್ನಾದರೂ ಮುಚ್ಚೋಣ’ ಎಂದು ಕಂಪನಿಗೆ ಫೋನ್ ಮಾಡಿದೆ. ಜೋನು ಮುಚ್ಚಬಹುದು, ಆದರೆ ಒಂದನ್ನು ಬಿಟ್ಟು ಎಂದರು. ಫ್ಯಾನು ನೂಕುವ ಗಾಳಿ ಎಲ್ಲಾದರೂ ಹೋಗಬೇಕಲ್ಲ? ಉಳಿದ ಬಾಯಿಗಳನ್ನು ಮುಚ್ಚಿದಾಗ ಹೆಚ್ಚಾದ ಗಾಳಿ ಚೆಲ್ಲಲು ಒಂದು ಕೋಣೆ ಸದಾ ತೆರೆದಿರಬೇಕು. ದುಬಾರಿ ವ್ಯವಸ್ಥೆಯಲ್ಲಿ ಅದನ್ನು ಜಾಣತನದಿಂದ ನಿಭಾಯಿಸುವ ಡ್ಯಾಂಪರುಗಳಿರುತ್ತವೆ. ಅಗ್ಗದ್ದರಲ್ಲಿ ಒಂದು ಕೋಣೆಯ ಬಲಿ.

‘ಯಾವ ಕೋಣೆಯನ್ನು ತೆರೆದಿಟ್ಟಿದ್ದೀರಿ?’ ಎಂದೆ.

‘ರಂಪಸ್.’

ಹೀಗೆ ನಮ್ಮ ಮನೆಯಲ್ಲಿ ಯಾರೂ ಕಾಲಿಡದ ಕೋಣೆಯೊಂದು ಹಗಲೂ ಇರುಳೂ 24 ಡಿಗ್ರಿಯಲ್ಲಿ ಬೆಚ್ಚಗಿದೆ. ಟ್ರೆಡ್‌ಮಿಲ್ಲಿನ ಮೇಲಿನ ಟವೆಲಿಗೆ ಚಳಿಯಾದ ದಿನ ಒಂದಿಲ್ಲ. ಮೊದಲ ಬಿಲ್ಲು ಬಂದ ದಿನ ಮೂವರ ಕೊಟೇಶನ್ನನ್ನೂ ಮೇಜಿನ ಮೇಲೆ ಹರಡಿಕೊಂಡು ಕುಳಿತಿದ್ದೆ. ಅಮ್ಮ ಕನ್ನಡಕ ಏರಿಸಿ ಒಂದೊಂದನ್ನೇ ನೋಡಿದರು. ‘ಎಷ್ಟು ಕೋಣೆ, ಎಷ್ಟು ಕಿಲೋವಾಟು, ಎಷ್ಟು ದುಡ್ಡು ಎಲ್ಲ ಬರೆದಿದ್ದಾರೆ. ಮನೇಲಿ ಎಷ್ಟು ಜನ ಅಂತ ಯಾರೂ ಕೇಳಲಿಲ್ವಾ?’

ಎರಡನೆಯವನು ಕೇಳಿದ್ದ. ಅದನ್ನು ನಾನು ಹೇಳಲಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಸಾಲ ಮಾಡುವವರಿಗೆ. ಕಾಲಿಗಿಂತ ಹತ್ತು ಮಾರು ಉದ್ದದ ಹಾಸಿಗೆ ಕೊಂಡು, ಕಾಲು ತಲುಪದ ಕಡೆಯನ್ನೂ ಅಗ್ಗದಲ್ಲಿ ಬೆಚ್ಚಗಿಡಲು ಹೊರಟವನಿಗೆ ಅವರು ಏನೂ ಹೇಳಿಹೋಗಿಲ್ಲ. ಅಂಥವನೊಬ್ಬ ಹುಟ್ಟುತ್ತಾನೆಂದು ಪಾಪ, ಅವರಿಗೆ ಹೊಳೆದಿರಲಾರದು.

ಕಳೆದ ಭಾನುವಾರ ಇಲ್ಲಿಯ ನಾಲ್ಕೈದು ಕನ್ನಡ ಕುಟುಂಬಗಳು ಊಟಕ್ಕೆ ಬಂದಿದ್ದವು. ಎಲ್ಲ ಜೋನು ತೆರೆದಿಟ್ಟೆ. ಯಂತ್ರ ಏದುಸಿರು ಬಿಟ್ಟಿತು. ಬಂದವರು ಕೋಟು ಬಿಚ್ಚದೆ ಮನೆ ಸುತ್ತಿ, ‘ಡಕ್ಟೆಡ್ಡಾ? ಒಳ್ಳೇದು’ ಎಂದು ಮೆಚ್ಚಿ, ಕೊನೆಗೆ ಇಪ್ಪತ್ತು ಜನರೂ ಅಡುಗೆಮನೆಯಲ್ಲಿ ಬೋಂಡದ ಬಾಣಲೆಯ ಸುತ್ತ ಜಮಾಯಿಸಿದರು. ಅಮ್ಮ ಮಾತ್ರ ಕಾಣಲಿಲ್ಲ. ಹುಡುಕುತ್ತ ಮೇಲೆ ಹೋದೆ. ರಂಪಸ್ ರೂಮಿನಲ್ಲಿ, ಗಾಳಿ ಇಳಿಯುವ ಜಾಲರಿಯ ನೇರ ಕೆಳಗೆ, ಹಳೆಯ ಪಂಚೆ ಹಾಸಿ ಅರಳು ಸಂಡಿಗೆ ಇಟ್ಟಿದ್ದರು. ಸಾಲು ಸಾಲಾಗಿ, ಗರಿಗರಿಯಾಗಿ ಒಣಗಿತ್ತು. ಸ್ವೆಟರು ತೆಗೆದಿಟ್ಟು, ಟ್ರೆಡ್‌ಮಿಲ್ಲಿನ ಮೇಲೆ ಕುಳಿತು ಹನುಮಂತನಗರದ ಚಿಕ್ಕಮ್ಮನ ಜೊತೆ ಫೋನಿನಲ್ಲಿದ್ದರು.

‘ಮನೆ ದೊಡ್ಡದು ಕಣೇ. ಸಂಡಿಗೆಗೇ ಅಂತ ಒಂದು ಕೋಣೆ ಮಾಡಿಸಿದ್ದಾನೆ.’