ಸೂರತ್ತಿನ ಕೆಫೆ

ವಡೋದರಾಕ್ಕೆ ಬಂದು ಹನ್ನೆರಡು ವರ್ಷವಾಯಿತು. ಗುಜರಾತಿಯ ‘ರ’ ಅಕ್ಷರ ಯಾವುದು, ಎರಡರ ಅಂಕಿ ಯಾವುದು ಅಂತ ನನಗೆ ಇವತ್ತಿಗೂ ಗೊತ್ತಾಗುವುದಿಲ್ಲ. ಎರಡೂ ಅವಳಿ ಜವಳಿ. ಇಂಥ ಕಣ್ಣಿನವನನ್ನು ಸೂರತ್ತಿನ ಕನ್ನಡದ ಗೆಳೆಯರು ರಾಜ್ಯೋತ್ಸವಕ್ಕೆ ಕರೆದು, ‘ಸೂರತ್ತಿನ ಹಳೇ ಕಥೆ ಏನಾದ್ರೂ ಹೇಳಿ ಸಾರ್, ಅರ್ಧ ಗಂಟೆ’ ಎಂದರು. ಆಗುವುದಿಲ್ಲ ಅನ್ನಬೇಕಿತ್ತು. ತಿಂಡಿಗೆ ಲೋಚೋ ಇದೆ ಎಂದರು, ಒಪ್ಪಿದೆ.

ಜಾನ್ ಓವಿಂಗ್ಟನ್ ಎಂಬ ಇಂಗ್ಲಿಷ್ ಪಾದ್ರಿ 1689ರಲ್ಲಿ ಹಡಗು ಹತ್ತಿ ಸೂರತ್ತಿಗೆ ಬಂದವನು. ಕಂಡದ್ದನ್ನೆಲ್ಲ ಬರೆದು 1696ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಪುಸ್ತಕ ಅಂತರ್ಜಾಲದಲ್ಲಿ ಪುಕ್ಕಟೆ. ಹಳದಿ ಪುಟಗಳ ಚಿತ್ರವೂ ಇತ್ತು, ಅದನ್ನು ಯಂತ್ರ ಓದಿ ಕೊಟ್ಟ ಅಕ್ಷರವೂ ಇತ್ತು. ಚಿತ್ರಕ್ಕೆ ಕನ್ನಡಕ ಹುಡುಕಬೇಕು. ಅಕ್ಷರ ಕಾಪಿ ಮಾಡಿಕೊಂಡೆ.

ಓದುತ್ತ ಹೋದಂತೆ ರೋಮಾಂಚನ. ಪುಟಕ್ಕೊಂದು ‘ಕೆಫೆ’! ಮುನ್ನೂರು ವರ್ಷದ ಹಿಂದಿನ ಸೂರತ್ತಿನಲ್ಲಿ! ಅನುಮಾನ ಪಡಲು ಕಾರಣವೂ ಇರಲಿಲ್ಲ. ಸೂರತ್ತಿನವರು ಚಹಾ ಕುಡಿಯುವುದನ್ನು ಈ ಪಾದ್ರಿ ಬಣ್ಣಿಸಿದ್ದಾನೆ. 1699ರಲ್ಲಿ ಚಹಾದ ಮೇಲೇ ಬೇರೊಂದು ಪುಸ್ತಕ ಬರೆದಿದ್ದಾನೆ. ಮುಂದೆ ನೋಡಿದರೆ ವರ್ತಕರು ಬಟ್ಟೆಯನ್ನು ‘ಫೋಲ್ಡ್’ ಮಾಡುತ್ತಿದ್ದಾರೆ. ಮಾಡದೆ ಇನ್ನೇನು, ರಿಂಗ್ ರೋಡಿನ ಮಾರುಕಟ್ಟೆಯಲ್ಲಿ ಈಗಲೂ ಸೀರೆ ಮಡಿಚುವುದೇ ಒಂದು ಕಸುಬು. ಇನ್ನೊಂದು ಕಡೆ ವರ್ತಕನ ಹಿಂದೆ ‘ವೈಫ್’ ಎಂಬ ಮಾತು ಅಂಟಿಕೊಂಡಿತ್ತು. ಸೂರತ್ತಿನ ವ್ಯಾಪಾರ ನಡೆಸುತ್ತಿದ್ದವರು ಹೆಂಡಂದಿರೇ ಎಂದು ಬರೆದುಕೊಂಡೆ. ಪಕ್ಕದಲ್ಲಿದ್ದ ನನ್ನ ಹೆಂಡತಿ ತಲೆದೂಗಿದಳು.

ಭಾಷಣ ಭರ್ಜರಿಯಾಯಿತು. ಕೆಫೆಗೆ ಚಪ್ಪಾಳೆ, ಹೆಂಡಂದಿರಿಗೆ ಶಿಳ್ಳೆ. ಒಂದೇ ಒಂದು ಕಡೆ ಸಭೆ ಕೈಕೊಟ್ಟಿತು. ಸೂರತ್ತಿನಲ್ಲಿ ತಿಗಣೆ, ಚಿಗಟಗಳಿಗೂ ಒಂದು ಆಸ್ಪತ್ರೆಯಿತ್ತು, ಅವುಗಳ ಊಟಕ್ಕಾಗಿ ಬಡವನೊಬ್ಬನಿಗೆ ಕೂಲಿ ಕೊಟ್ಟು ರಾತ್ರಿಯಿಡೀ ಮಂಚದ ಮೇಲೆ ಮಲಗಿಸುತ್ತಿದ್ದರು ಎಂದು ಓವಿಂಗ್ಟನ್ ಬರೆದಿದ್ದಾನೆ ಅಂದೆ. ಹಿಂದಿನ ಸಾಲಿನಿಂದ ‘ಸಾಕು ಬಿಡಿ ಸಾರ್’ ಎಂಬ ದನಿ ಬಂತು.

ಮುಂದಿನ ಭಾನುವಾರ ಜಂಬ ಕೊಚ್ಚಲು ಅಮದಾಬಾದಿನ ಮಣಿನಗರಕ್ಕೆ, ಭಾವನ ಮನೆಗೆ ಹೋದೆ. ಮಾವನವರು ಅಲ್ಲೇ ಇರುತ್ತಾರೆ. ಹುಬ್ಬಳ್ಳಿಯ ಪ್ರೆಸ್ಸೊಂದರಲ್ಲಿ ಮೂವತ್ತು ವರ್ಷ ಮೊಳೆ ಜೋಡಿಸಿದ ಕೈ ಅವರದು. ಕೆಫೆಯ ಕಥೆ ಮುಗಿಯುವ ತನಕ ಸುಮ್ಮನಿದ್ದು, ‘ಪುಟ ತೋರಸ್ರಿ’ ಅಂದರು. ಚಿತ್ರ ದೊಡ್ಡದು ಮಾಡಿಸಿ ಮೂಗು ತಾಗುವಷ್ಟು ಹತ್ತಿರ ಬಗ್ಗಿದರು.

‘ಅಳಿಯಂದಿರ, ಇದು ಎಫ್ ಅಲ್ರಿ. ಅಡ್ಡಗೆರಿ ನೋಡ್ರಿ, ಎಡಕ್ಕಷ್ಟ ಐತಿ. ಎಫ್ ಆಗಿದ್ರ ಕಂಬ ದಾಟಿ ಬಲಕ್ಕೂ ಬರ್ತಿತ್ತು. ಇದು ಉದ್ದನ್ನ ಎಸ್.’

ಆಗಿನ ಇಂಗ್ಲಿಷ್ ಅಚ್ಚಿನಲ್ಲಿ ಪದದ ಮೊದಲಿಗೂ ನಡುವೆಯೂ ಉದ್ದ ಎಸ್, ಕೊನೆಗೆ ಮಾತ್ರ ಈಗಿನ ಗಿಡ್ಡ ಎಸ್. 1800ರ ಆಸುಪಾಸಿನಲ್ಲಿ ಉದ್ದದ್ದು ಮೂಲೆ ಸೇರಿತು. ಯಂತ್ರಕ್ಕೆ ಇದೆಲ್ಲ ಯಾರು ಹೇಳಬೇಕು? ನನ್ನ ‘ಕೆಫೆ’ ಬರೀ ‘ಕೇಸ್’ ಆಯಿತು. ‘ಫೋಲ್ಡ್’ ಎಂದರೆ ‘ಸೋಲ್ಡ್’. ವರ್ತಕರು ಮಡಿಚುತ್ತಿರಲಿಲ್ಲ, ಮಾರುತ್ತಿದ್ದರು. ‘ವೈಫ್’ ಹೋಗಿ ‘ವೈಸ್’, ಅಂದರೆ ಜಾಣ. ‘ಎರಡೂ ಒಂದೇ, ಯಂತ್ರ ಸರಿಯಾಗೇ ಓದಿದೆ’ ಎಂದು ಒಳಗಿನಿಂದ ನನ್ನ ಹೆಂಡತಿ ತೀರ್ಪು ಕೊಟ್ಟಳು.

‘ನಮ್ಮಲ್ಲೇನು ಕಡಿಮಿ?’ ಮಾವನವರು ಸಮಾಧಾನ ಮಾಡಿದರು. ‘ಷ ಅಕ್ಷರದ ಹೊಟ್ಟಿ ಗೆರಿ ಸವದು, ಲಗ್ನಪತ್ರಿಕ್ಯಾಗ ಉಷಾ ಹೋಗಿ ಉಪಾ ಆಗಿದ್ಳು. ಬೀಗರು ಪ್ರೆಸ್ಸಿಗೇ ಬಂದಿದ್ರು.’

ನನಗಿಂತ ದೊಡ್ಡವರೂ ಈ ಗುಂಡಿಗೆ ಬಿದ್ದಿದ್ದಾರೆ. 2010ರಲ್ಲಿ ಗೂಗಲ್‌ನವರು ಹಳೇ ಪುಸ್ತಕಗಳ ಪದ ಎಣಿಸುವ ಎನ್‌ಗ್ರಾಮ್ ತೆರೆದಾಗ, ಹದಿನೆಂಟನೇ ಶತಮಾನದ ಇಂಗ್ಲಿಷರು ಮಹಾ ಹೊಲಸು ಬಾಯಿಯವರಂತೆ ಕಂಡರು. ಪಾಪ, ಅವರು ಬರೆದದ್ದು ಹಾಲು ಚೀಪುವುದರ ಬಗ್ಗೆ.

ಆ ರಾತ್ರಿಯೇ ಸೂರತ್ತಿನವರ ವಾಟ್ಸಾಪ್ ಗುಂಪಿನಲ್ಲಿ ಕ್ಷಮೆ ಕೇಳಿದೆ. ತಕ್ಷಣ ಉತ್ತರ: ‘ತಿಗಣೆ ಆಸ್ಪತ್ರೆ ತಪ್ಪಿರಬೇಕು ಅಂತ ನಮಗೆ ಆಗಲೇ ಗೊತ್ತಾಯ್ತು ಸಾರ್.’ ಅದೊಂದು ಮಾತ್ರ ಪುಟದಲ್ಲಿ ಇದ್ದ ಹಾಗೇ ಇದೆ, ತಿಗಣೆಯ ‘ಬಗ್ಸ್’ ಎಂಬ ಪದದಲ್ಲಿ ಇರುವ ಒಂದೇ ಎಸ್ಸು ಕೊನೆಯದು, ಅದು ಗಿಡ್ಡವೇ ಎಂದು ಉದ್ದಕ್ಕೆ ಬರೆದೆ. ಯಾರೂ ನಂಬಲಿಲ್ಲ.

‘ಇರಲಿ ಬಿಡಿ ಸಾರ್’ ಎಂದರು ಕಾರ್ಯದರ್ಶಿಗಳು. ‘ತಿಗಣೆ ತೆಗೆದುಬಿಡೋಣ. ಕೆಫೆ ಚೆನ್ನಾಗಿತ್ತು, ಸ್ಮರಣಸಂಚಿಕೆಗೆ ಅದನ್ನೇ ಹಾಕ್ತೀವಿ.’